ಒಂದು ತಾಸಿನ ನೋಟಿಸು

ಅಮೆರಿಕದ ಹೆವಿ ಮೆಟಲ್ ರಾಕ್ ತಂಡ ಮೆಟಾಲಿಕಾದವರು ತಮ್ಮ ಗಿಟಾರಿನ ಡೇವ್ ಮಸ್ಟೇನ್‌ನನ್ನು ತಂಡದಿಂದ ಹೊರಹಾಕಿದ್ದು ಸರಿಯೋ ತಪ್ಪೋ ಎಂಬ ಜಗಳ ನಮ್ಮ ಹುಬ್ಬಳ್ಳಿಯ ಗೆಳೆಯರ ಗುಂಪಿನಲ್ಲಿ ಕ್ಯಾಸೆಟ್ಟಿನ ಕಾಲದಿಂದಲೂ ನಡೆದುಬಂದಿದೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲು ಬಂತು, ಜಗಳವಾಡುವವರ ತಲೆಗೂದಲು ಉದುರಿತು. ಜಗಳ ಮಾತ್ರ ಇದ್ದಲ್ಲೇ ಇದೆ. ಉಣಕಲ್ ಕೆರೆಯ ದಂಡೆಯ ಮೇಲೆ ಗಿರಮಿಟ್ಟು, ಮಿರ್ಚಿ ಮುಗಿಯುವವರೆಗೆ ಮಳೆ, ಬೆಳೆ, ಸೈಟಿನ ದರ ಎಲ್ಲ ಮಾತಾಡುವ ಜನ ಈ ವಿಷಯಕ್ಕೆ ಬಂದ ಕೂಡಲೇ ಎರಡು ಪಾಳಿಯಾಗಿ ಕುಳಿತುಬಿಡುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವನನ್ನು ಕೈಬಿಟ್ಟದ್ದು ಸರಿ, ಕೈಬಿಟ್ಟ ರೀತಿ ತಪ್ಪು. ಆದರೆ ನಲವತ್ತು ವರ್ಷ ಆರದೇ ಉಳಿದ ಕಹಿಗೆ ಇವೆರಡರಿಂದಲೂ ಪೂರ್ತಿ ಲೆಕ್ಕ ಸಿಗುವುದಿಲ್ಲ.

ನಡೆದದ್ದು ಇಷ್ಟು. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಲಾರ್ಸ್ ಉಲ್ರಿಕ್ ಎಂಬ ಡ್ರಮ್ಮರ್ ಮತ್ತು ಜೇಮ್ಸ್ ಹೆಟ್‌ಫೀಲ್ಡ್ ಎಂಬ ಹಾಡುಗಾರ ಸೇರಿ ತಂಡ ಕಟ್ಟಿದರು; ಪತ್ರಿಕೆಯ ಜಾಹೀರಾತು ನೋಡಿ ಮಸ್ಟೇನ್ ಬಂದು ಲೀಡ್ ಗಿಟಾರಿಗೆ ನಿಂತ. ಆ ಮೂವರಲ್ಲಿ ವಾದ್ಯ ಹೆಚ್ಚು ಪಳಗಿದ್ದು ಅವನ ಕೈಗೇ ಎಂಬುದನ್ನು ಅವನ ವಿರೋಧಿಗಳೂ ಒಪ್ಪುತ್ತಾರೆ. ಕುಡಿದಾಗ ಕೈ ಎತ್ತುತ್ತಿದ್ದ ಎಂಬುದನ್ನು ಅವನ ಅಭಿಮಾನಿಗಳೂ ಒಪ್ಪುತ್ತಾರೆ. ಅವನ ನಾಯಿ ಬೇಸ್ ಗಿಟಾರಿನ ರಾನ್ ಮೆಕ್‌ಗವ್ನಿಯ ಕಾರಿನ ಮೇಲೆ ಕಾಲಿಟ್ಟಿತೆಂದು ಹೆಟ್‌ಫೀಲ್ಡ್ ಅದನ್ನು ಒದ್ದ, ಅದಕ್ಕೆ ದೊಡ್ಡ ಹೊಡೆದಾಟವಾಯಿತು; ಇನ್ನೊಮ್ಮೆ ಮಸ್ಟೇನ್ ಅದೇ ಮೆಕ್‌ಗವ್ನಿಯ ಗಿಟಾರಿನ ಮೇಲೆ ಬಿಯರ್ ಸುರಿದ. ಮೆಕ್‌ಗವ್ನಿ ಬಿಟ್ಟು ಹೋದ ಮೇಲೆ ಕ್ಲಿಫ್ ಬರ್ಟನ್ ಬಂದ, ಅವನಿಗಾಗಿ ಇಡೀ ತಂಡ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಿಡಾರ ಬದಲಿಸಿತು. 1983ರ ವಸಂತದಲ್ಲಿ ಮೊದಲ ಧ್ವನಿಮುದ್ರಿಕೆ ಮಾಡಲೆಂದು ಸಾಮಾನೆಲ್ಲ ಬಾಡಿಗೆ ಟ್ರಕ್ಕಿಗೆ ತುಂಬಿಕೊಂಡು ಅಮೆರಿಕದ ಆ ತುದಿಯಿಂದ ಈ ತುದಿಗೆ, ನ್ಯೂಯಾರ್ಕಿಗೆ, ಬಂದರು.

ಏಪ್ರಿಲ್ 11ರ ಬೆಳಗ್ಗೆ ಮಸ್ಟೇನ್‌ನನ್ನು ಎಬ್ಬಿಸಿ, ನೀನು ತಂಡದಲ್ಲಿಲ್ಲ ಎಂದು ಹೇಳಿದರು. ಅವನೇ ಆಮೇಲೆ ಹತ್ತಾರು ಸಲ ಹೇಳಿಕೊಂಡಿರುವಂತೆ, ಮೊದಲೇ ಒಂದು ಎಚ್ಚರಿಕೆಯಿಲ್ಲವೇ, ಇನ್ನೊಂದು ಅವಕಾಶವಿಲ್ಲವೇ ಎಂದು ಅವನು ಕೇಳಿದ; ಇಲ್ಲ ಎಂದರು. ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳಿದರೆ ವಿಮಾನವಲ್ಲ, ಬಸ್ಸು, ಇನ್ನೊಂದು ತಾಸಿಗೆ ಹೊರಡುತ್ತದೆ ಎಂಬ ಉತ್ತರ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕುಳಿತು ಹೋದರೇ ಮನಸ್ಸು ಏನೇನೋ ಯೋಚಿಸುತ್ತದೆ. ಇವನದು ನಾಲ್ಕು ದಿನದ ಪ್ರಯಾಣ, ಕಿಸೆಯಲ್ಲಿ ದುಡ್ಡಿಲ್ಲ, ಪಕ್ಕದಲ್ಲಿ ಪರಿಚಯದವರಿಲ್ಲ. ಕ್ಯಾಲಿಫೋರ್ನಿಯಾದ ಸೆನೆಟರ್ ಆ್ಯಲನ್ ಕ್ರ್ಯಾನ್‌ಸ್ಟನ್ ಅಣ್ವಸ್ತ್ರಗಳ ಬಗ್ಗೆ ಹಂಚಿಸಿದ್ದ ಕರಪತ್ರವೊಂದು ಆ ಬಸ್ಸಿನಲ್ಲಿ ಕೈಗೆ ಸಿಕ್ಕಿತು; ಅದರ ಹಿಂಬದಿಯಲ್ಲಿ ಅವನು ಸಾಲುಗಳನ್ನು ಗೀಚಿದ. ಅವನು ಮುಂದೆ ಕಟ್ಟಿದ ಹೊಸ ತಂಡಕ್ಕೆ ಮೆಗಾಡೆತ್ ಎಂಬ ಹೆಸರು ಸಿಕ್ಕಿದ್ದು ಆ ಕಾಗದದಿಂದಲೇ.

ಇತ್ತ ಅವನ ಜಾಗಕ್ಕೆ ಎಕ್ಸೊಡಸ್ ತಂಡದ ಕರ್ಕ್ ಹ್ಯಾಮೆಟ್‌ನನ್ನು ಆಗಲೇ ಗೊತ್ತು ಮಾಡಿಯಾಗಿತ್ತು. ಮೇ ತಿಂಗಳಲ್ಲಿ ಧ್ವನಿಮುದ್ರಣವಾಯಿತು, ಜುಲೈ 25ಕ್ಕೆ ಮುದ್ರಿಕೆ ಹೊರಬಂತು. ಅದರ ಹತ್ತು ಹಾಡುಗಳಲ್ಲಿ ನಾಲ್ಕಕ್ಕೆ, ಮರುವರ್ಷದ ಎರಡನೇ ಮುದ್ರಿಕೆಯ ಎಂಟರಲ್ಲಿ ಎರಡಕ್ಕೆ, ಮಸ್ಟೇನ್ ಪಾಲುದಾರ. ಅಂದರೆ ಮನೆಯಿಂದ ಹೊರಗೆ ಹಾಕಿದ ಮೇಲೂ ಅವನು ಹಾಸಿದ ಕಲ್ಲಿನ ಮೇಲೆಯೇ ಅವರು ಓಡಾಡಬೇಕಾಯಿತು.

ಈ ಸಂಗತಿಯನ್ನು ನಾವು ಹುಬ್ಬಳ್ಳಿಯ ಹುಡುಗರು ಬಹಳ ತಡವಾಗಿ ತಿಳಿದೆವು. ನಮಗೆ ಸಿಗುತ್ತಿದ್ದದ್ದು ಯಾರೋ ಪುಣೆಯಿಂದಲೋ ಬೆಂಗಳೂರಿನಿಂದಲೋ ತಂದ ಕ್ಯಾಸೆಟ್ಟಿನಿಂದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡ ಪ್ರತಿ. ಅದರ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡಿನ ಹೆಸರು ಬರೆದಿರುತ್ತಿತ್ತೇ ಹೊರತು ಹಾಡು ಮಾಡಿದವರ ಹೆಸರು ಇರುತ್ತಿರಲಿಲ್ಲ. ಹಾಗಾಗಿ ಮೆಗಾಡೆತ್‌ನ 1985ರ ಮೊದಲ ಮುದ್ರಿಕೆಯನ್ನು ಕೇಳಿದಾಗ, ಅದರಲ್ಲಿನ ‘ಮೆಕ್ಯಾನಿಕ್ಸ್’ ಎಂಬ ಹಾಡು ಮೆಟಾಲಿಕಾದ ‘ದ ಫೋರ್ ಹಾರ್ಸ್‌ಮೆನ್’ ಹಾಡಿನ ನಕಲು ಎಂದು ನಮ್ಮ ಗುಂಪು ಒಕ್ಕೊರಲಿನಿಂದ ತೀರ್ಪು ಕೊಟ್ಟಿತ್ತು. ನಿಜ ತಿರುಗಾಮುರುಗಾ ಇತ್ತು. ಮೊದಲಿದ್ದದ್ದೇ ಮಸ್ಟೇನ್‌ನ ಹಾಡು, ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಹುಡುಗನ ಪೋಲಿ ಹಾಡು. ಅವನು ಹೋದ ಮೇಲೆ ಹೆಟ್‌ಫೀಲ್ಡ್ ಅದರ ಸಾಹಿತ್ಯ ಕಿತ್ತು ಬೈಬಲ್ಲಿನ ಪ್ರಳಯದ ನಾಲ್ವರು ಕುದುರೆ ಸವಾರರನ್ನು ತಂದು ಕೂರಿಸಿದ. ನಡುವೆ ನಿಧಾನಗತಿಯ ಒಂದು ಭಾಗ ಸೇರಿತು, ಒಟ್ಟು ಓಟವೂ ತಗ್ಗಿತು. ಮಸ್ಟೇನ್ ತನ್ನ ಮುದ್ರಿಕೆಯಲ್ಲಿ ಹಳೆಯ ಹಾಡನ್ನೇ ಹಳೆಯ ಸಾಹಿತ್ಯದೊಂದಿಗೆ, ಸಿಟ್ಟು ತುಂಬಿದ ವೇಗದಲ್ಲಿ ನುಡಿಸಿದ. ಒಂದೇ ರಿಫ್, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛ, ಎರಡು ಮನೆಯಲ್ಲಿ ಎರಡು ಹೆಸರಿನಿಂದ ಬೆಳೆಯಿತು. ಸಂಗೀತವಾಗಿ ಮೆಟಾಲಿಕಾದ ರೂಪವೇ ಮೇಲು ಎಂದು ನನಗೆ ಈಗಲೂ ಅನಿಸುತ್ತದೆ. ಮಸ್ಟೇನ್‌ಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ನಾನು ನಂಬುವುದಿಲ್ಲ, ಗೊತ್ತಿದ್ದರೆ ಅದರ ಉರಿ ಇನ್ನೂ ಹೆಚ್ಚು.

ಕಹಿ ಉಳಿದದ್ದಕ್ಕೆ ಕಾರಣ ನನ್ನ ಮಟ್ಟಿಗೆ ಇಲ್ಲಿದೆ. ನೌಕರಿಯಿಂದ ತೆಗೆದರೆ ಮನುಷ್ಯ ಇನ್ನೊಂದು ಕಚೇರಿ ಹುಡುಕುತ್ತಾನೆ, ಹಳೆಯ ಕಚೇರಿಯ ಹಾದಿಯಲ್ಲಿ ಓಡಾಡುವುದನ್ನೇ ಬಿಡುತ್ತಾನೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡರೆ ನಡುವೆ ಬದು ಹಾಕುತ್ತಾರೆ. ಹಾಡಿಗೆ ಬದು ಹಾಕಲು ಬರುವುದಿಲ್ಲ. ಪ್ರತಿ ರಾತ್ರಿ ಜಗತ್ತಿನ ಯಾವುದೋ ಊರಿನಲ್ಲಿ ಸಾವಿರಾರು ಜನರ ಎದುರು ನಿನ್ನ ಬೆರಳು ಹುಡುಕಿದ ಸ್ವರಗಳನ್ನು ಇನ್ನೊಬ್ಬ ನುಡಿಸುತ್ತಿರುತ್ತಾನೆ, ಚಪ್ಪಾಳೆ ಅವನಿಗೆ. ನಿನಗೆ ವರ್ಷಕ್ಕೊಮ್ಮೆ ರಾಯಲ್ಟಿಯ ಚೆಕ್ಕು. ಅತ್ತ ನುಡಿಸುವವನಿಗೂ ಇದು ಸುಖವಲ್ಲ. ಹ್ಯಾಮೆಟ್ ತಾನಾಗಿ ಯಾರ ಜಾಗವನ್ನೂ ಕಸಿದವನಲ್ಲ, ಕರೆದರು, ಬಂದ. ಆದರೂ ಆ ಮೊದಲ ಮುದ್ರಿಕೆಯಲ್ಲಿ ಗಿಟಾರು ಒಂಟಿಯಾಗಿ ಮುಂದೆ ಬರುವ ಸೋಲೋಗಳಲ್ಲಿ ಇಷ್ಟು ಅವನದು, ಇಷ್ಟು ಮಸ್ಟೇನ್‌ನದು ಎಂದು ಜನ ಇವತ್ತಿಗೂ ಬೇರ್ಪಡಿಸಿ ನೋಡುತ್ತಾರೆ.

ಧಾರವಾಡದ ಕಡೆ ಬೆಳೆದವರಿಗೆ ಹಾಡಿನ ಮಾಲೀಕತ್ವದ ಈ ಜಗಳ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಗದಗಿನ ಕಡೆಯ ಭೀಮಸೇನ ಜೋಶಿಯವರಿಗೆ ಇಳಿದು ಬಂದ ಚೀಜುಗಳನ್ನು ನಾಳೆ ಯಾವ ಹುಡುಗ ಹಾಡಿದರೂ ಯಾರೂ ಪಾಲು ಕೇಳುವುದಿಲ್ಲ. ಇಲ್ಲಿ ಜಗಳವಿರಲಿಲ್ಲ ಎಂದಲ್ಲ. ಗುರುವಿನ ಮನೆಯಲ್ಲಿ, ಘರಾಣೆಯ ಹೆಸರಿನಲ್ಲಿ, ಯಾರ ಹಿಂದೆ ಯಾರು ತಂಬೂರಿ ಹಿಡಿದು ಕೂರಬೇಕು ಎಂಬುದರಲ್ಲಿ ಬೇಕಾದಷ್ಟು ಇದ್ದವು. ಆದರೆ ಹದಿನೆಂಟನೇ ಶತಮಾನದ ಖಯಾಲುಕಾರ ನಿಯಾಮತ್ ಖಾನ್ ತನ್ನ ‘ಸದಾರಂಗ’ ಎಂಬ ಅಂಕಿತವನ್ನು ಬಂದಿಶಿನ ಒಳಗೇ ಇಟ್ಟು ಹೋದ. ನಮ್ಮ ವಚನಕಾರರು ಅದಕ್ಕೂ ಆರು ನೂರು ವರ್ಷ ಮೊದಲೇ ಅದನ್ನು ಮಾಡಿದ್ದರು. ಹಾಡುವವನು ಯಾರೇ ಆಗಲಿ, ಮಾಡಿದವನ ಹೆಸರನ್ನು ಬಾಯಿ ತುಂಬ ಹೇಳಿಯೇ ಹಾಡು ಮುಗಿಸಬೇಕು. ರಾಕ್ ಸಂಗೀತದಲ್ಲಿ ಆ ಹೆಸರು ಕ್ಯಾಸೆಟ್ಟಿನ ಒಳಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ, ನಮ್ಮಂಥವರ ಪ್ರತಿಯಲ್ಲಿ ಅದೂ ಇರುವುದಿಲ್ಲ.

ನಮ್ಮ ಗುಂಪಿನಲ್ಲಿ ಮಸ್ಟೇನ್‌ನ ಪರವಾಗಿ ಎಲ್ಲರಿಗಿಂತ ಜೋರಾಗಿ ಮಾತಾಡುವ ಗೆಳೆಯನಿಗೆ ಅದಕ್ಕೆ ಬೇರೆ ಕಾರಣವಿದೆ. ಎಂಜಿನಿಯರಿಂಗ್ ಓದುವಾಗ ಅವನೂ ಒಂದು ರಾಕ್ ತಂಡದಲ್ಲಿದ್ದ. ಗಿವ್ಸನ್ ಗಿಟಾರು, ಯಾರದೋ ಕೈಯಿಂದ ಕೊಂಡ ಝೂಮ್ ಪೆಡಲು, ಡ್ರಮ್ ಬಾರಿಸುವವನ ಅಪ್ಪನ ಪೈಪಿನ ಗೋಡೌನಿನಲ್ಲಿ ಸಂಜೆಯ ಪ್ರ್ಯಾಕ್ಟೀಸು. ಅವರಿಗೆ ಸ್ವಂತದ್ದು ಅಂತ ಇದ್ದದ್ದು ಒಂದೇ ಹಾಡು, ಅದರ ರಿಫ್ ಇವನದು. ಒಂದು ಸಂಜೆ ಗಿಟಾರು ಹೆಗಲಿಗೆ ಹಾಕಿಕೊಂಡು ಹೋದರೆ ಗೋಡೌನಿನ ಷಟರ್ ಅರ್ಧ ಇಳಿದಿತ್ತು, ಒಳಗಿನಿಂದ ಇವನ ರಿಫ್ ಕೇಳಿಸುತ್ತಿತ್ತು. ಸ್ವಂತ ಆ್ಯಂಪ್ಲಿಫೈಯರ್ ಇದ್ದ ಹೊಸ ಹುಡುಗನೊಬ್ಬ ನುಡಿಸುತ್ತಿದ್ದ. ಇವನು ಷಟರ್ ಎತ್ತಲಿಲ್ಲ, ಬಸ್ಸು ಹತ್ತಿ ಧಾರವಾಡಕ್ಕೆ ಬಂದ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರು 1968ರ ಜನವರಿಯಲ್ಲಿ ಕಾರ್ಯಕ್ರಮಕ್ಕೆ ಹೊರಟಾಗ ತಮ್ಮದೇ ಹಾಡುಗಾರ, ಗಿಟಾರಿನ ಸಿಡ್ ಬ್ಯಾರೆಟ್‌ನನ್ನು ಕರೆದುಕೊಳ್ಳಲು ಅವನ ಮನೆಯತ್ತ ಗಾಡಿ ತಿರುಗಿಸಲೇ ಇಲ್ಲವಂತೆ. ಹಾಗೆ ನೋಡಿದರೆ ಮೆಟಾಲಿಕಾದವರು ಎದುರು ನಿಂತು ಹೇಳುವಷ್ಟಾದರೂ ಧೈರ್ಯ ತೋರಿದರು.

ಡ್ರಮ್ ಬಾರಿಸುತ್ತಿದ್ದವನೂ ನನಗೆ ಗೆಳೆಯನೇ, ಈಗ ಅಪ್ಪನ ಅಂಗಡಿಯನ್ನು ಅವನೇ ನಡೆಸುತ್ತಾನೆ. ಬಿಲ್ಲು ಬರೆಯುತ್ತಲೇ ಒಮ್ಮೆ ಹೇಳಿದ: “ನೋಡಪಾ, ಅವಾ ಎಂದೂ ಟೈಮಿಗೆ ಬರ್ತಿದ್ದಿಲ್ಲ. ಬಂದ್ರೂ ಅರ್ಧಾ ತಾಸು ಬರೇ ಟ್ಯೂನ್ ಮಾಡ್ಕೋತ ಕುಂದರ್ತಿದ್ದ. ಕಾಂಪಿಟಿಶನ್ ಎಂಟ್ ದಿನಾ ಇತ್ತು. ಹೆಂಗ ಹೇಳಬೇಕು ಅನ್ನೋದ ನಮಗ ಗೊತ್ತಿರಲಿಲ್ಲ, ಹತ್ತೊಂಬತ್ತು ವರ್ಷದ ಹುಡುಗ್ರು ನಾವು.” ತಂಬೂರಿ ಶ್ರುತಿ ಮಾಡಲು ಅರ್ಧ ತಾಸು ತೆಗೆದುಕೊಂಡರೆ ಹಿರಿಯರು ತಲೆದೂಗುವ ಸೀಮೆಯಲ್ಲಿ ಅದೇ ಕಾರಣಕ್ಕೆ ಒಬ್ಬನ ಜಾಗ ಹೋಯಿತಲ್ಲ ಎಂದು ನನಗೆ ನಗು ಬಂತು. ಆದರೆ ಅವನ ಮಾತಿನ ಕೊನೆಯ ಭಾಗವನ್ನು ತೆಗೆದುಹಾಕುವಂತಿಲ್ಲ. 1983ರ ಆ ಬೆಳಗ್ಗೆ ಉಲ್ರಿಕ್‌ಗೂ ಹೆಟ್‌ಫೀಲ್ಡ್‌ಗೂ ಹತ್ತೊಂಬತ್ತೇ ವರ್ಷ, ಬರ್ಟನ್ ಮತ್ತು ಮಸ್ಟೇನ್‌ಗೆ ಇಪ್ಪತ್ತೊಂದು. ಆ ವಯಸ್ಸಿನಲ್ಲಿ ಕೈಗೆ ಮೊದಲ ಅವಕಾಶ ಬಂದಾಗ ಯಾರೂ ನೀಟಾಗಿ ನಡೆದುಕೊಳ್ಳುವುದಿಲ್ಲ.

ಕೆಲವು ವರ್ಷಗಳ ಮೇಲೆ ಗೋಕುಲ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಡ್ರಮ್ಮಿನವನ ತಮ್ಮನ ಆರತಕ್ಷತೆಯಿತ್ತು. ಗಿಟಾರಿನ ಗೆಳೆಯನನ್ನೂ ಕರೆದಿದ್ದರು, ಇವನೂ ಬಂದಿದ್ದ. ಊಟದ ಹೊತ್ತಿಗೆ ಹಳೆಯ ತಂಡದವರು ಆರ್ಕೆಸ್ಟ್ರಾದವರ ವಾದ್ಯ ಇಸಿದುಕೊಂಡು ಆ ಒಂದೇ ಹಾಡನ್ನು ನುಡಿಸಿದರು. ನಾನು ಇವನ ಪಕ್ಕದಲ್ಲಿ ಕುಳಿತಿದ್ದೆ. ಬಲಗೈ ಗೋಧಿ ಹುಗ್ಗಿ ಕಲಸುತ್ತಿತ್ತು, ಮುಖದಲ್ಲಿ ಏನೂ ಇರಲಿಲ್ಲ, ಆದರೆ ಎಡಗೈಯ ನಾಲ್ಕು ಬೆರಳು ಮೇಜಿನ ಕೆಳಗೆ ತೊಡೆಯ ಮೇಲೆ ಒಂದೊಂದು ಸ್ವರಕ್ಕೂ ಜಾಗ ಬದಲಿಸುತ್ತಿದ್ದವು. ಒಂದು ಕಡೆ ಆ ಕೈ ಗಕ್ಕನೆ ನಿಂತಿತು. “ಅಲ್ಲೆ ಎರಡನೇ ತಂತಿ ಅಲ್ಲಲೇ, ಮೂರನೇದು,” ಎಂದು ನನ್ನ ಕಿವಿಗೆ ಮಾತ್ರ ಕೇಳುವಂತೆ ಅಂದ. ಊಟ ಮುಗಿಸಿ ಮದುಮಕ್ಕಳ ಕೈಗೆ ಆಹೇರಿ ಕೊಟ್ಟು, ಎಲ್ಲರೊಂದಿಗೆ ಫೋಟೋಕ್ಕೆ ನಿಂತು ಹೋದ. ತಪ್ಪಾದ ಆ ತಂತಿಯ ವಿಷಯವನ್ನು ಮಾತ್ರ ಈಗಲೂ ಎತ್ತುತ್ತಾನೆ.

ಮೆಟಾಲಿಕಾದ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ಕಾಲ 1983 ಅಲ್ಲ, 2001. ಆ ವರ್ಷ ಹೊಸ ಮುದ್ರಿಕೆಯ ಕೆಲಸ ನಡೆದಿರುವಾಗಲೇ ಹೆಟ್‌ಫೀಲ್ಡ್ ಕುಡಿತದ ಚಿಕಿತ್ಸೆಗೆ ಸೇರಿದ. ತಂಡ ತಿಂಗಳುಗಟ್ಟಲೆ ಕೆಲಸ ನಿಲ್ಲಿಸಿ ಕಾಯಿತು. ಮರಳಿ ಬಂದ ಮೇಲೆ ಅವನು ದಿನಕ್ಕೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ ಮಾಡುತ್ತೇನೆ ಎಂದ, ಉಳಿದವರು ಗೊಣಗಿಕೊಂಡಾದರೂ ಒಪ್ಪಿದರು. ಪರಸ್ಪರ ಮಾತಾಡುವುದನ್ನು ಕಲಿಸಲು ಫಿಲ್ ಟೋಲ್ ಎಂಬ ಸಲಹೆಗಾರನನ್ನು ತಿಂಗಳಿಗೆ 40,000 ಡಾಲರು ಕೊಟ್ಟು ಇಟ್ಟುಕೊಂಡಿದ್ದರು. ಹದಿನೆಂಟು ವರ್ಷ ಮೊದಲು ಅದೇ ಚಟಕ್ಕೆ ಒಬ್ಬನಿಗೆ ಸಿಕ್ಕದ್ದು ಒಂದು ತಾಸು ಮತ್ತು ಒಂದು ಬಸ್ ಟಿಕೆಟ್ಟು. ಇಷ್ಟಕ್ಕೂ 1983ರಲ್ಲಿ ಕುಡಿಯುತ್ತಿದ್ದವನು ಮಸ್ಟೇನ್ ಒಬ್ಬನೇ ಆಗಿರಲಿಲ್ಲ; ತಂಡದ ಹೆಸರನ್ನೇ ತಿರುಚಿ ‘ಆಲ್ಕೊಹಾಲಿಕಾ’ ಎಂದು ಜನ ಕರೆಯುತ್ತಿದ್ದ ಕಾಲ ಬಂದದ್ದು ಅವನು ಹೋದ ಮೇಲೆ. ಹಾಡುಗಾರ ಇಲ್ಲದಿದ್ದರೆ ಅಂಗಡಿ ಮುಚ್ಚಬೇಕು, ಗಿಟಾರಿನವನು ಇಲ್ಲದಿದ್ದರೆ ಇನ್ನೊಬ್ಬ ಸಿಗುತ್ತಾನೆ. ತಾಳ್ಮೆಗೂ ಲೆಕ್ಕಾಚಾರ ಇರುತ್ತದೆ.

ಅದೇ 2001ರ ಸೆಪ್ಟೆಂಬರಿನಲ್ಲಿ, ಹೆಟ್‌ಫೀಲ್ಡ್ ಇನ್ನೂ ದೂರವಿದ್ದಾಗ, ಉಲ್ರಿಕ್ ಮತ್ತು ಮಸ್ಟೇನ್‌ನನ್ನು ಎದುರುಬದುರು ಕೂರಿಸಿ ಆ ಸಲಹೆಗಾರ ಮಾತಾಡಿಸಿದ. ಅದನ್ನು ಕ್ಯಾಮೆರಾದಲ್ಲಿ ಹಿಡಿದು 2004ರ ದಾಖಲೆ ಚಿತ್ರದಲ್ಲಿ ತೋರಿಸಿದರು. ಆ ಹೊತ್ತಿಗೆ ಮಸ್ಟೇನ್ ನಲವತ್ತರ ಗಂಡಸು. ಅವನ ತಂಡದ 1992ರ ಮುದ್ರಿಕೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಹೋಗಿತ್ತು. ಯಾವ ಅಳತೆಯಲ್ಲಿ ಹಿಡಿದರೂ ಗೆದ್ದವನು. ಆದರೆ ಅವನ ಅಳತೆಗೋಲು ಬೇರೆ ಇತ್ತು: ಮೆಟಾಲಿಕಾದ 1991ರ ಮುದ್ರಿಕೆ ಅಮೆರಿಕದಲ್ಲೇ ಒಂದೂವರೆ ಕೋಟಿಗೂ ಮೀರಿ ಖರ್ಚಾಗಿದೆ. ಬೀದಿಯಲ್ಲಿ ಹೋಗುವಾಗ ಜನ ತನ್ನನ್ನು ನೋಡಿ ಮೆಟಾಲಿಕಾ ಎಂದು ಕೂಗುತ್ತಾರೆ ಎಂಬುದನ್ನು, ಆ ಬೆಳಗ್ಗೆ ನನಗೆ ಚಿಕಿತ್ಸೆಗೆ ಹೋಗು ಎಂದು ಹೇಳಬಹುದಿತ್ತಲ್ಲ ಎಂಬುದನ್ನು ಅವನು ಕಣ್ಣು ತುಂಬಿಕೊಂಡು ಹೇಳುತ್ತಾನೆ. ಎದುರಿಗಿದ್ದ ಉಲ್ರಿಕ್‌ಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಆ ದೃಶ್ಯವನ್ನು ಚಿತ್ರದಲ್ಲಿ ಬಳಸಿದ್ದಕ್ಕೆ ಮಸ್ಟೇನ್ ಆಮೇಲೆ ಸಿಟ್ಟಾದ. ನನ್ನ ಅನಿಸಿಕೆಯಲ್ಲಿ ಆ ಸಿಟ್ಟು ನ್ಯಾಯವಾದದ್ದು.

ಮೆಟಾಲಿಕಾದ ಪರ ಇರುವವರು ಈ ಹಂತದಲ್ಲಿ ಒಂದು ಮಾತನ್ನು ಎತ್ತಿಯೇ ಎತ್ತುತ್ತಾರೆ: ಹೊರಗೆ ಹಾಕಿದ್ದರಿಂದಲೇ ಮೆಗಾಡೆತ್ ಹುಟ್ಟಿತು, ಆದ್ದರಿಂದ ಅವನಿಗೆ ಒಳ್ಳೆಯದೇ ಆಯಿತು. ನನಗೆ ಈ ಮಾತು ಕೇಳಿದರೆ ಆಗುವುದಿಲ್ಲ. ನಷ್ಟ ಉಂಡವನು ತಾನೇ ಹೇಳಿಕೊಂಡರೆ ಅದು ಸಮಾಧಾನ, ನಷ್ಟ ಮಾಡಿದವನ ಪರವಾಗಿ ಹೇಳಿದರೆ ಅದು ಸಾಲ ತೀರಿಸದೇ ರಸೀದಿ ಕೇಳಿದ ಹಾಗೆ. ಇನ್ನು ಮಸ್ಟೇನ್ ಪರ ಇರುವವರು ಮಾತಾಡಲು ಹಿಂಜರಿಯುವ ಸಂಗತಿಯೂ ಇದೆ. ತನ್ನ ತಂಡದಲ್ಲಿ ಅವನು ಎಷ್ಟೋ ಜನರನ್ನು ಹೀಗೆಯೇ ಕಳಿಸಿದ್ದಾನೆ. ಮೊದಲ ದಿನದಿಂದ ಜೊತೆಗಿದ್ದ ಬೇಸ್ ಗಿಟಾರಿನ ಡೇವಿಡ್ ಎಲೆಫ್ಸನ್ 2004ರಲ್ಲಿ ಅವನ ಮೇಲೆಯೇ ನ್ಯಾಯಾಲಯಕ್ಕೆ ಹೋದ, 2010ರಲ್ಲಿ ಮರಳಿದ, 2021ರಲ್ಲಿ ಮತ್ತೆ ಹೊರಬಿದ್ದ. ಪೆಟ್ಟು ತಿಂದವನು ಪೆಟ್ಟು ಕೊಡುವುದಿಲ್ಲ ಎಂದು ಯಾರು ಹೇಳಿದ್ದು?

ಮುನಿಸು ಕರಗಿತು ಎಂದು ಅಭಿಮಾನಿಗಳು ಸಿಹಿ ಹಂಚುವಂಥ ದಿನಗಳೂ ಬಂದವು. 2009ರಲ್ಲಿ ರಾಕ್ ಸಂಗೀತದ ಹಾಲ್ ಆಫ್ ಫೇಮ್‌ಗೆ ಮೆಟಾಲಿಕಾವನ್ನು ಸೇರಿಸಿಕೊಂಡಾಗ 2003ರಲ್ಲಿ ತಂಡಕ್ಕೆ ಬಂದ ಬೇಸ್ ಗಿಟಾರಿನ ರಾಬರ್ಟ್ ಟ್ರುಹಿಯೋ ಕೂಡ ಗೌರವಕ್ಕೆ ಪಾತ್ರನಾದ, ಮಸ್ಟೇನ್ ಆಗಲಿಲ್ಲ. ಆದರೆ ಮರುವರ್ಷ ಜೂನ್ 22ರಂದು ಬಲ್ಗೇರಿಯಾದ ಸೋಫಿಯಾದಲ್ಲಿ ಎರಡೂ ತಂಡಗಳು ಒಂದೇ ವೇದಿಕೆಯಲ್ಲಿ ನಿಂತು ಒಂದೇ ಹಾಡು ನುಡಿಸಿದವು, ಹೆಟ್‌ಫೀಲ್ಡ್ ಅವನನ್ನು ತಬ್ಬಿಕೊಂಡ. 2011ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆಟಾಲಿಕಾದ ಮೂವತ್ತರ ಸಂಭ್ರಮಕ್ಕೆ ಅವನನ್ನು ಕರೆದು ಅವನ ಹಳೆಯ ಹಾಡುಗಳನ್ನು ಅವನ ಕೈಯಿಂದಲೇ ನುಡಿಸಿದರು. ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರ್ 30ಕ್ಕೆ, ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ನಮ್ಮ ಗುಂಪು ಹುಬ್ಬಳ್ಳಿಯಿಂದ ಹೋಯಿತು, ಗಿಟಾರಿನ ಗೆಳೆಯ ಬರಲಿಲ್ಲ. ಅವನು 2008ರ ಮಾರ್ಚಿನಲ್ಲಿ ಅದೇ ಮೈದಾನದಲ್ಲಿ ಮೆಗಾಡೆತ್‌ಗೆ ಹೋಗಿ ಬಂದಿದ್ದ, ಅಷ್ಟು ಸಾಕೆಂದ.

ಆದರೆ ತಬ್ಬಿಕೊಂಡವರು ಲೆಕ್ಕಕ್ಕೆ ಕುಳಿತಾಗ ಮತ್ತೆ ಮೊದಲಿನಂತೆಯೇ ಆದರು. 1982ರಲ್ಲಿ ಮಸ್ಟೇನ್ ತಂಡದಲ್ಲಿದ್ದಾಗ ಮಾಡಿದ್ದ ಮಾದರಿ ಕ್ಯಾಸೆಟ್ಟನ್ನು 2015ರಲ್ಲಿ ಮೆಟಾಲಿಕಾ ಸೀಮಿತವಾಗಿ ಮರುಮುದ್ರಿಸಿತು, ಮುಂದೆ ದೊಡ್ಡ ಪ್ರಮಾಣದಲ್ಲಿ ತರುವ ಯೋಚನೆಯಿತ್ತು. ಅದು ನಿಂತುಹೋಯಿತು. ತಾನೂ ಹೆಟ್‌ಫೀಲ್ಡೂ ಸೇರಿ ಮಾಡಿದ ಹಾಡುಗಳಲ್ಲಿ ಉಲ್ರಿಕ್ ಪಾಲು ಕೇಳಿದ್ದೇ ಅದಕ್ಕೆ ಕಾರಣವೆಂದು ಮಸ್ಟೇನ್ ಬಹಿರಂಗವಾಗಿಯೇ ಹೇಳಿದ. ಇಬ್ಬರಿಗೂ ಆ ಹಣದ ಅಗತ್ಯವಿರಲಿಲ್ಲ. ಆ ಚೀಟಿಯಲ್ಲಿ ಯಾರ ಹೆಸರು, ಯಾವ ಅನುಕ್ರಮದಲ್ಲಿ, ಎಷ್ಟು ಪಾಲಿನೊಂದಿಗೆ ಎಂಬುದು ಬಗೆಹರಿಯದೇ ಹಳೆಯ ಗೆಳೆತನ ಬಗೆಹರಿಯುವಂತಿರಲಿಲ್ಲ.

2025ರ ಆಗಸ್ಟಿನಲ್ಲಿ ಮೆಗಾಡೆತ್ ತನ್ನ ಕೊನೆಯ ಮುದ್ರಿಕೆಯನ್ನು ಘೋಷಿಸಿತು. ಅದರೊಂದಿಗೆ ಮಸ್ಟೇನ್ ತಾನು ಸೇರಿ ಕಟ್ಟಿದ್ದ ಮೆಟಾಲಿಕಾದ ‘ರೈಡ್ ದ ಲೈಟ್ನಿಂಗ್’ ಹಾಡನ್ನೂ ನುಡಿಸಿದ್ದಾನೆ. ಸುದ್ದಿ ಬಂದ ದಿನ ನಾನು ಅದನ್ನು ಧಾರವಾಡದ ಗೆಳೆಯನಿಗೆ ಕಳಿಸಿದೆ. ಸಪ್ತಾಪುರದಲ್ಲಿ ಸಂಜೆ ಹುಡುಗರಿಗೆ ಗಿಟಾರು ಹೇಳಿಕೊಡುವ ಅವನು ಪಾಠ ಮುಗಿಸಿ ಫೋನು ಮಾಡಿದ. ನಾನು ರಾಜಿಯಾದಂತಾಯಿತು, ಒಳ್ಳೆಯ ಕೊನೆ, ಎಂದೆಲ್ಲ ಹೇಳತೊಡಗಿದರೆ ತಡೆದು, “ಅದಿರಲಿ, ಆ ಹಾಡಿಗೆ ಹೆಸರ ಯಾರ್‍ಯಾರದು ಹಾಕ್ಯಾರ?” ಎಂದು ಕೇಳಿದ. ಹೆಟ್‌ಫೀಲ್ಡ್, ಉಲ್ರಿಕ್, ಬರ್ಟನ್, ಮಸ್ಟೇನ್, ನಾಲ್ಕೂ ಜನರ ಹೆಸರು ಮೊದಲಿನಿಂದಲೇ ಇದೆ ಎಂದೆ. “ಕಡೀಕ ಬಂತಲ್ಲ,” ಎಂದ, ಮತ್ತೆ ಸ್ವಲ್ಪ ತಡೆದು, “ಪಾಲು ಸರೀಗಿ ಹಂಚ್ಯಾರೇನು?” ಎಂದು ಕೇಳಿದ.